ಮಾತು ಕೇಳದವರಿಗೆ ಇಂಗ್ಲಿಷಿನಲ್ಲಿ ಎಷ್ಟೊಂದು ಹೆಸರು: ಅವನ್ನು ನಾನು ಬೇರೆ ಬೇರೆ ಮಾಡಿಕೊಂಡ ಬಗೆ

ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವುದು ನನ್ನ ಕೆಲಸ. ಲೇಖನ, ವರದಿ, ಜೀವನಚರಿತ್ರೆ, ಕೆಲವೊಮ್ಮೆ ಕಂಪನಿಗಳ ನಿಯಮಾವಳಿ ಕೂಡ ಬರುತ್ತವೆ. ಈ ಕೆಲಸದಲ್ಲಿ ಒಂದು ಗುಂಪಿನ ಪದಗಳು ಮತ್ತೆ ಮತ್ತೆ ಎದುರಾಗುತ್ತವೆ. ರೆಬೆಲಿಯಸ್, ಡಿಫಯಂಟ್, ಇನ್‌ಸಬಾರ್ಡಿನೇಟ್, ಅನ್‌ರೂಲಿ, ರಿಕ್ಯಾಲ್ಸಿಟ್ರಂಟ್, ಮ್ಯಾವರಿಕ್, ಡಿಸಿಡೆಂಟ್. ಎಲ್ಲವೂ ಹೇಳಿದಂತೆ ಕೇಳದವರ ಬಗ್ಗೆಯೇ. ಡಿಕ್ಷನರಿ ತೆಗೆದರೆ ಒಂದರ ಅರ್ಥಕ್ಕೆ ಇನ್ನೊಂದನ್ನು ಕೊಟ್ಟಿರುತ್ತದೆ. ಪೀಟರ್ ಮಾರ್ಕ್ ರೋಜೆ 1852ರಲ್ಲಿ ತನ್ನ ಥೆಸಾರಸ್, ಅಂದರೆ ಹತ್ತಿರದ ಅರ್ಥದ ಪದಗಳನ್ನು ಒಟ್ಟಿಗೆ ಇಡುವ ಕೋಶ, ಹೊರತಂದ ದಿನದಿಂದ ಇಂಥ ಪದಗಳು ಒಂದೇ ಸಾಲಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ಕೂತಿವೆ. ಸಾಲನ್ನು ನೋಡಿದರೆ ಯಾವುದನ್ನು ಬೇಕಾದರೂ ಎತ್ತಿಕೊಳ್ಳಬಹುದು ಅನ್ನಿಸುತ್ತದೆ. ಹಾಗೆ ಎತ್ತಿಕೊಂಡರೆ ಆಗುವ ಅನ್ಯಾಯ ಸಣ್ಣದಲ್ಲ. ಒಬ್ಬ ಮನುಷ್ಯನ ನಿಲುವನ್ನೇ ಹಟ ಎಂದು ಓದುಗರ ಮುಂದೆ ಇಟ್ಟಂತಾಗುತ್ತದೆ.

ಅದಕ್ಕೇ ಈ ಗುಂಪಿನ ಪದ ಬಂದಾಗ ಅರ್ಥ ಏನು ಎಂದು ಶುರು ಮಾಡುವುದನ್ನು ನಾನು ಬಿಟ್ಟಿದ್ದೇನೆ. ಬದಲಿಗೆ ಮೊದಲು ಕೇಳುವುದು ಇಷ್ಟೇ: ಇಲ್ಲಿ ಮೀರಿದ್ದು ಯಾರ ಮಾತನ್ನು? ಆಮೇಲೆ: ಹಾಗೆ ಮೀರಿದರು ಎಂದು ಹೇಳುತ್ತಿರುವವರು ಯಾರು? ಈ ಎರಡಕ್ಕೆ ಉತ್ತರ ಸಿಕ್ಕರೆ ಪದದ ಮುಕ್ಕಾಲು ಭಾಗ ಕೈಗೆ ಬಂದ ಹಾಗೆ. ಈ ಪದಗಳೆಲ್ಲ ಮೇಲ್ನೋಟಕ್ಕೆ ಎದುರು ನಿಂತವರ ಸ್ವಭಾವ ಹೇಳುತ್ತವೆ. ನಿಜವಾಗಿ ಅವರ ತಲೆಯ ಮೇಲೆ ಯಾರು ಕೂತಿದ್ದಾರೆ ಅನ್ನುವುದನ್ನು ಜಾಸ್ತಿ ಹೇಳುತ್ತವೆ.

ಮೊದಲ ಪ್ರಶ್ನೆಗೆ ಇನ್‌ಸಬಾರ್ಡಿನೇಟ್ ಒಳ್ಳೆಯ ಉದಾಹರಣೆ. ಪದದೊಳಗೇ ಮೇಲು ಕೀಳಿನ ಕ್ರಮ ಇದೆ. ಸಬ್ ಎಂದರೆ ಕೆಳಗೆ. ಆರ್ಡಿನೇಟ್ ಎಂಬುದು ಲ್ಯಾಟಿನ್ನಿನಲ್ಲಿ ಸಾಲು, ಕ್ರಮ ಎಂಬ ಅರ್ಥದ ಪದದಿಂದ ಬಂದದ್ದು. ಕೆಳಗಿನ ಸಾಲಿನಲ್ಲಿ ಇರಬೇಕಾದವರು ಹಾಗೆ ಇರಲಿಲ್ಲ ಎಂಬ ದೂರು ಇದು. ಹಾಗಾಗಿ ಕಚೇರಿ, ಸೈನ್ಯ, ಪೊಲೀಸ್ ಇಲಾಖೆ, ಹಡಗು, ಇಂಥ ಕಡೆ ಮಾತ್ರ ಇದಕ್ಕೆ ಜಾಗ. ನನ್ನ ಪಕ್ಕದ ಮನೆಯವರು ನಾನು ಹೇಳಿದ್ದು ಕೇಳದಿದ್ದರೆ ಅವರು ಇನ್‌ಸಬಾರ್ಡಿನೇಟ್ ಆಗುವುದಿಲ್ಲ. ನಾನು ಅವರ ಮೇಲಧಿಕಾರಿ ಅಲ್ಲವಲ್ಲ. ಕಂಪನಿ ನಿಯಮಾವಳಿಗಳಲ್ಲಿ ಈ ಪದಕ್ಕೆ ಇನ್ನೂ ಬಿಗಿಯಾದ ಬಳಕೆ ಇದೆ. ಮೇಲಿನವರು ಸ್ಪಷ್ಟವಾದ, ಕಾನೂನಿಗೆ ಒಪ್ಪುವ ಆದೇಶ ಕೊಟ್ಟಿರಬೇಕು. ಕೆಳಗಿನವರಿಗೆ ಅದು ಅರ್ಥವಾಗಿರಬೇಕು. ಆಮೇಲೂ ಬೇಕೆಂದೇ ಮಾಡದೆ ಇರಬೇಕು. ಇಂಥ ಕಾಗದ ಅನುವಾದಿಸುವಾಗ 'ಉದ್ಧಟತನ' ಎಂದು ಬರೆದರೆ ಧ್ವನಿಯ ಮೇಲೆ ಆರೋಪ ಹೊರಿಸಿದಂತೆ ಆಗುತ್ತದೆ. ಇನ್‌ಸಬಾರ್ಡಿನೇಶನ್‌ಗೆ ಧ್ವನಿ ಏರಲೇಬೇಕು ಅಂತೇನಿಲ್ಲ. ಕೈಕಟ್ಟಿ ನಿಂತು, ಮೆಲ್ಲಗೆ, ಗೌರವದಿಂದಲೇ 'ಇದನ್ನು ನಾನು ಮಾಡುವುದಿಲ್ಲ ಸಾರ್' ಎಂದರೂ ಅದು ಅದೇ. ನಾನು 'ಆದೇಶ ಪಾಲಿಸಲು ನಿರಾಕರಣೆ' ಎಂದೇ ಬರೆಯುತ್ತೇನೆ.

ಒಬ್ಬರು ನಿರಾಕರಿಸಿದರೆ ಇನ್‌ಸಬಾರ್ಡಿನೇಶನ್. ಸೈನಿಕರೋ ನಾವಿಕರೋ ಒಟ್ಟಾಗಿ ಅಧಿಕಾರಿಯ ವಿರುದ್ಧ ನಿಂತರೆ ಮ್ಯೂಟಿನಿ. 1789ರ ಏಪ್ರಿಲ್ 28ರಂದು ಬೌಂಟಿ ಹಡಗಿನಲ್ಲಿ ಫ್ಲೆಚರ್ ಕ್ರಿಶ್ಚಿಯನ್ ಮತ್ತು ಜೊತೆಗಾರರು ಕ್ಯಾಪ್ಟನ್ ವಿಲಿಯಂ ಬ್ಲೈಯನ್ನು, ಅವನ ಜೊತೆಗೆ 18 ಜನರನ್ನು, ಒಂದು ಸಣ್ಣ ದೋಣಿಯಲ್ಲಿ ಇಳಿಸಿ ಸಮುದ್ರಕ್ಕೆ ಬಿಟ್ಟರು. ಅದು ಮ್ಯೂಟಿನಿ, ಅದರಲ್ಲಿ ತಕರಾರಿಲ್ಲ. ಆದರೆ 1857ರ ಘಟನೆಯನ್ನು ಬ್ರಿಟಿಷರು ಸಿಪಾಯಿ ಮ್ಯೂಟಿನಿ ಎಂದು ಕರೆದರು. ಆ ಒಂದು ಪದ ಎರಡು ಕೆಲಸ ಮಾಡಿತು. ರೈತರು, ಜಮೀನ್ದಾರರು, ಅರಸು ಮನೆತನದವರು ಸೇರಿದ್ದ ಹೋರಾಟವನ್ನು ಬ್ಯಾರಕ್ಕಿನೊಳಗಿನ ಗಲಾಟೆಯಾಗಿ ಕುಗ್ಗಿಸಿತು. ಜೊತೆಗೆ, ಆಳುತ್ತಿದ್ದ ಕಂಪನಿಗೆ ಆಳುವ ಹಕ್ಕು ಇತ್ತು ಎಂಬುದನ್ನು ಚರ್ಚೆಯೇ ಇಲ್ಲದೆ ಒಪ್ಪಿಸಿಬಿಟ್ಟಿತು. ಮ್ಯೂಟಿನಿ ಎನ್ನಬೇಕಾದರೆ ಮೇಲೊಬ್ಬ ನ್ಯಾಯವಾದ ಅಧಿಕಾರಿ ಇರಲೇಬೇಕು, ಅಲ್ವಾ? ಹಳೆಯ ದಾಖಲೆಗಳನ್ನು ಅನುವಾದಿಸುವಾಗ ಈ ಪದವನ್ನು ನಾನು ಬರೆದವರ ಬಾಯಲ್ಲೇ ಬಿಡುತ್ತೇನೆ. 'ಅವರು ದಂಗೆ ಎಂದು ಕರೆದ' ಎಂಬಂತೆ. ನನ್ನ ಮಾತಿನಲ್ಲಿ ಅದನ್ನು ಹೇಳುವುದಿಲ್ಲ.

ರೆಬೆಲ್ ಎಂಬ ಪದದಲ್ಲೂ ಇದೇ ಕಥೆ ಹುದುಗಿದೆ. ಲ್ಯಾಟಿನ್ನಿನ ಬೆಲ್ಲುಮ್ ಎಂದರೆ ಯುದ್ಧ, ರೆ ಎಂದರೆ ಮತ್ತೆ. ಒಮ್ಮೆ ಸೋತವರು ಮತ್ತೆ ಯುದ್ಧಕ್ಕೆ ನಿಂತರೆ ಅವರು ರೆಬೆಲ್. ಹೆಸರಿಟ್ಟವರು ಗೆದ್ದವರು ಎಂಬುದು ಪದದ ಹುಟ್ಟಿನಲ್ಲೇ ಇದೆ.

ನ್ಯಾಯಾಲಯದ ಕರೆಗೆ ಬೇಕೆಂದೇ ಬಾರದವರಿಗೆ, ಅದರ ಆದೇಶವನ್ನು ಲೆಕ್ಕಿಸದವರಿಗೆ ಕಾಂಟ್ಯುಮೇಶಸ್ ಎಂಬ ಭಾರದ ಪದ ಇದೆ. ಕಾನೂನು ಕಾಗದದ ಆಚೆ ಅದನ್ನು ಬಳಸುವ ಅಗತ್ಯ ನನಗೆ ಬಂದಿಲ್ಲ. ರೆಕ್ಯುಸೆಂಟ್ ಮಾತ್ರ ಇಷ್ಟದ ಪದ. ಇಂಗ್ಲೆಂಡಿನಲ್ಲಿ ಮೊದಲನೇ ಎಲಿಜಬೆತ್ ರಾಣಿಯ ಕಾಲದಲ್ಲಿ ಸರಕಾರದ ಚರ್ಚಿನ ಪ್ರಾರ್ಥನೆಗೆ ಹೋಗಲು ಒಪ್ಪದವರಿಗೆ, ಮುಖ್ಯವಾಗಿ ಕ್ಯಾಥೊಲಿಕರಿಗೆ, ಈ ಹೆಸರು ಬಿತ್ತು. ಶುರುವಿನಲ್ಲಿ ಒಂದು ಭಾನುವಾರ ತಪ್ಪಿಸಿದರೆ 12 ಪೆನ್ಸ್ ದಂಡ ಇತ್ತು. 1581ರ ಕಾನೂನು ಅದನ್ನು ತಿಂಗಳಿಗೆ 20 ಪೌಂಡಿಗೆ ಏರಿಸಿತು. ಆ ಕಾಲಕ್ಕೆ ಅದು ಮನೆತನಗಳನ್ನೇ ಮುಳುಗಿಸುವ ಮೊತ್ತ. ಇವರು ಕತ್ತಿ ಹಿಡಿಯಲಿಲ್ಲ, ಘೋಷಣೆ ಕೂಗಲಿಲ್ಲ. ಸುಮ್ನೆ ಹೋಗಲಿಲ್ಲ, ಅಷ್ಟೇ. ಹೋಗದೆ ಇರುವುದೂ ಪ್ರತಿರೋಧ ಎಂದು ಒಪ್ಪಿಕೊಂಡ ಪದ ಇದು.

ಇನ್ನು ಅನ್‌ರೂಲಿ, ಅಂದರೆ ಹದ್ದುಬಸ್ತಿಗೆ ಬಾರದ. ಇದು ಬಳಕೆಯಲ್ಲಿ ತುಂಬ ಹಗುರ, ಆದ್ದರಿಂದಲೇ ತುಂಬ ಅಪಾಯ. ಅನ್‌ರೂಲಿ ಗುಂಪು, ಅನ್‌ರೂಲಿ ಮಕ್ಕಳು, ವಿಮಾನದಲ್ಲಿ ಅನ್‌ರೂಲಿ ಪ್ರಯಾಣಿಕ. ಬಾಚಣಿಗೆಗೆ ಬಗ್ಗದ ಕೂದಲಿಗೂ ಅದೇ ಪದ. ಕೂದಲಿಗೆ ಬೇಡಿಕೆ ಇರುತ್ತದೆಯೇ? ಇಲ್ಲ. ಈ ಪದ ಮಾಡುವುದೇ ಅದು. ಎದುರು ನಿಂತವರ ಬೇಡಿಕೆಯನ್ನು ಅಳಿಸಿ ಗದ್ದಲವನ್ನು ಮಾತ್ರ ಉಳಿಸುತ್ತದೆ. ರೆಬೆಲ್‌ಗೆ ಒಂದು ಗುರಿ ಇದೆ ಎಂದು ಕೇಳುವವರು ಒಪ್ಪಿಕೊಂಡಿರುತ್ತಾರೆ. ಅನ್‌ರೂಲಿ ಎಂದ ಕೂಡಲೇ ಗುರಿ ಮಾಯ. ಒಂದು ವರದಿಯಲ್ಲಿ ಪ್ರತಿಭಟನೆ ಮಾಡಿದವರನ್ನು ಅನ್‌ರೂಲಿ ಮಾಬ್ ಎಂದು ಕರೆದಿದ್ದರೆ ನಾನು ಮೊದಲು ಇಡೀ ವರದಿ ಓದುತ್ತೇನೆ. ಅವರು ಏನು ಕೇಳುತ್ತಿದ್ದರು ಎಂಬುದು ಎಲ್ಲಾದರೂ ಇದೆಯೇ ಎಂದು ಹುಡುಕುತ್ತೇನೆ. ಆಬ್‌ಸ್ಟ್ರೆಪರಸ್ ಕೂಡ ಇದರ ಹತ್ತಿರದ ನೆಂಟ. ಅದರ ಬೇರು ಲ್ಯಾಟಿನ್ನಿನಲ್ಲಿ ಗದ್ದಲ ಎಬ್ಬಿಸು ಎಂಬ ಕ್ರಿಯಾಪದ. ಸದ್ದಿಲ್ಲದೆ ಎದುರು ನಿಂತವರಿಗೆ ಅದನ್ನು ಹಾಕಲು ಬರುವುದಿಲ್ಲ.

ಎರಡನೆಯ ಪ್ರಶ್ನೆಗೆ ಬರುತ್ತೇನೆ, ಹೇಳುತ್ತಿರುವವರು ಯಾರು ಎಂಬುದಕ್ಕೆ. 1948ರಲ್ಲಿ ಬಿಬಿಸಿ ರೇಡಿಯೊ ಕಾರ್ಯಕ್ರಮವೊಂದರಲ್ಲಿ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಇದನ್ನು ಕ್ರಿಯಾಪದದ ರೂಪಾವಳಿ ಒಪ್ಪಿಸಿದ ಹಾಗೆ ತೋರಿಸಿದರು. ನಾನಾದರೆ ದೃಢ, ನೀನಾದರೆ ಹಟಮಾರಿ, ಅವನಾದರೆ ಹಂದಿತಲೆಯ ಮೂರ್ಖ ಎನ್ನುವ ಧಾಟಿಯಲ್ಲಿ. ನಡತೆ ಒಂದೇ, ಬದಲಾಗಿದ್ದು ಮಾತಾಡುವವರ ದೂರ. ನಾನು ಇದನ್ನೇ ಅಭ್ಯಾಸ ಮಾಡಿಕೊಂಡೆ. ಒಂದು ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಅದನ್ನು ಬೇರೆ ಬೇರೆ ಬಾಯಿಂದ ಹೇಳಿಸುವುದು.

ಒಂದು ಸೇತುವೆಯ ಸುರಕ್ಷತಾ ಪ್ರಮಾಣಪತ್ರಕ್ಕೆ ಸಹಿ ಹಾಕಲು ಒಬ್ಬ ಎಂಜಿನಿಯರ್ ಒಪ್ಪುವುದಿಲ್ಲ ಎಂದುಕೊಳ್ಳಿ. ಪರೀಕ್ಷೆ ಪೂರ್ತಿ ಆಗಿಲ್ಲ ಎನ್ನುವುದು ಆಕೆಯ ಕಾರಣ. ಮೇಲಧಿಕಾರಿ ಬರೆಯುವ ನೋಟಿಸಿನಲ್ಲಿ ಆಕೆ ಇನ್‌ಸಬಾರ್ಡಿನೇಟ್. ಕೆಲಸ ತಡವಾಯಿತು ಎಂದು ಸಿಡುಕುವ ಸಹೋದ್ಯೋಗಿಗೆ ಸ್ಟಬರ್ನ್ (ಹಟಮಾರಿ), ಬ್ರಿಟಿಷರಾದರೆ ಬ್ಲಡಿ ಮೈಂಡೆಡ್ (ಬೇಕೆಂದೇ ಅಡ್ಡಗಾಲು ಹಾಕುವವಳು). ಹೊಂದಿಕೊಂಡು ಹೋಗಿ ಎಂದು ಬುದ್ಧಿ ಹೇಳಲು ಬಂದ ಹಿರಿಯರಿಗೆ ಹೆಡ್‌ಸ್ಟ್ರಾಂಗ್ (ತನ್ನದೇ ನಡೆಯಬೇಕು ಎನ್ನುವವಳು). ಕಂಪನಿಯ ವಕೀಲರ ಪತ್ರದಲ್ಲಿ ಅನ್‌ಕೋಆಪರೇಟಿವ್ (ಸಹಕರಿಸದವಳು). ನೌಕರರ ಸಂಘದ ಕರಪತ್ರದಲ್ಲಿ ಡಿಫಯಂಟ್ (ಸೆಟೆದು ನಿಂತವಳು). ಮುಂದೆ ಸೇತುವೆಯಲ್ಲಿ ಬಿರುಕು ಕಂಡರೆ ಪತ್ರಿಕೆಗಳಲ್ಲಿ ಪ್ರಿನ್ಸಿಪಲ್ಡ್ (ತತ್ವ ಬಿಡದವಳು). ಆಕೆ ಮಾಡಿದ್ದು ಒಂದೇ ಕೆಲಸ, ಪೆನ್ನು ಮುಟ್ಟಲಿಲ್ಲ. ಈ ಅಭ್ಯಾಸವನ್ನು ನಾನು ಕಿರಿಯ ಅನುವಾದಕರ ಕೈಯಲ್ಲೂ ಮಾಡಿಸುತ್ತೇನೆ. ಅರ್ಥ ಬಾಯಿಪಾಠ ಮಾಡುವುದಕ್ಕಿಂತ ಇದು ಬೇಗ ಕೈ ಹತ್ತುತ್ತದೆ. ಪದದ ಜೊತೆ ಅದನ್ನು ಆಡುವ ಮುಖವೂ ನೆನಪಿರುತ್ತದೆ.

ಹೇಳುವವರ ಕೈಯಲ್ಲಿ ಅಧಿಕಾರ ಪೂರ್ತಿ ಇದ್ದರೆ ಪದ ಎಲ್ಲಿಗೆ ಹೋಗಬಹುದು ಎಂಬುದಕ್ಕೆ ಒಂದು ಕೆಟ್ಟ ಉದಾಹರಣೆ ಇದೆ. ಅದನ್ನು ಮರೆಯಬಾರದು ಎಂದೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ. 1851ರಲ್ಲಿ ಅಮೆರಿಕದ ಲೂಸಿಯಾನಾದ ವೈದ್ಯ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಡ್ರಾಪೆಟೊಮೇನಿಯಾ ಎಂಬ ಪದ ಕಟ್ಟಿದ. ಗುಲಾಮರು ಒಡೆಯರಿಂದ ತಪ್ಪಿಸಿಕೊಂಡು ಓಡಿಹೋಗುವುದು ಒಂದು ಮಾನಸಿಕ ಕಾಯಿಲೆ, ಅದಕ್ಕೆ ಇದು ಹೆಸರು ಎಂದ. ಬಿಡುಗಡೆ ಬೇಕು ಅನ್ನಿಸುವುದು ಅವನ ಲೆಕ್ಕದಲ್ಲಿ ರೋಗ. ಅದೇ ದೇಶದಲ್ಲಿ ಅಪ್ಪಿಟಿ ಎಂಬ ಪದ ಇನ್ನೂ ಬದುಕಿದೆ. ತನ್ನ ಜಾಗ ಮರೆತು ಮೇಲೆ ಏರಲು ನೋಡುವವರು ಎಂದು ಅರ್ಥ. ಕಪ್ಪು ಜನರ ಮೇಲೆ ಅದನ್ನು ಎಷ್ಟು ಬಳಸಿದರೆಂದರೆ ಇವತ್ತು ಅದನ್ನು ಅವರ ಬಗ್ಗೆ ಆಡುವುದು ಬೈಗುಳವೇ. ಇಂಗ್ಲಿಷ್ ಕಲಿಯುವ ನಮ್ಮವರು ಅದನ್ನು ಜಂಬದವರು ಎಂಬ ಅರ್ಥದಲ್ಲಿ ಸಲೀಸಾಗಿ ಬಳಸುವುದನ್ನು ಕೇಳಿದ್ದೇನೆ. ದಯವಿಟ್ಟು ಬೇಡ.

ಫೈಸ್ಟಿ ಬೇರೆ ಥರದ ಪದ. ಹೊಗಳಿಕೆಯ ವೇಷದಲ್ಲಿ ಬರುತ್ತದೆ. ಫೈಸ್ಟ್ ಎಂದರೆ ಅಮೆರಿಕದಲ್ಲಿ ಒಂದು ಸಣ್ಣ ಜಾತಿಯ ನಾಯಿ. ಗಾತ್ರ ಚಿಕ್ಕದು, ಬೊಗಳಾಟ ಜೋರು. ಫೈಸ್ಟಿ ಎಂದು ಕರೆಸಿಕೊಳ್ಳುವವರು ಹೆಚ್ಚಾಗಿ ಹೆಂಗಸರು, ವಯಸ್ಸಾದವರು, ಕುಳ್ಳಗಿರುವವರು. ಎದುರು ಮಾತಾಡುತ್ತಾರೆ, ಆದರೆ ಭಯಪಡುವಂಥದ್ದು ಏನಿಲ್ಲ ಎಂಬ ಸಲಿಗೆ ಅದರಲ್ಲಿದೆ. ಆರಡಿ ಎತ್ತರದ ಸೇನಾಧಿಕಾರಿಯನ್ನು ಯಾರೂ ಫೈಸ್ಟಿ ಎನ್ನುವುದಿಲ್ಲ. ಜೀವನಚರಿತ್ರೆಯಲ್ಲಿ ಈ ಪದ ಬಂದರೆ ನಾನು 'ದಿಟ್ಟೆ' ಎಂದು ಏರಿಸುವುದಿಲ್ಲ. ಮೂಲದವರು ಸಲಿಗೆಯಿಂದ ನೋಡಿದ್ದರೆ ಆ ಸಲಿಗೆ ಕನ್ನಡದಲ್ಲೂ ಕಾಣಬೇಕು. 'ಗಟ್ಟಿ ಬಾಯಿಯ ಹೆಣ್ಣು' ಎಂದರೆ ಹತ್ತಿರ ಬರುತ್ತದೆ.

ಆಡಿಕೊಳ್ಳಲು ಇಟ್ಟ ಹೆಸರನ್ನು ಕಿತ್ತುಕೊಂಡು ತಮ್ಮದು ಮಾಡಿಕೊಂಡವರೂ ಇದ್ದಾರೆ. 1906ರಲ್ಲಿ ಲಂಡನ್ನಿನ ಡೈಲಿ ಮೇಲ್ ಪತ್ರಿಕೆ ಮತದಾನದ ಹಕ್ಕಿಗೆ ಹೋರಾಡುತ್ತಿದ್ದ ಉಗ್ರ ಗುಂಪಿನ ಹೆಂಗಸರನ್ನು ಸಫ್ರಜೆಟ್ ಎಂದು ಕರೆಯಿತು. ಕೊನೆಯ ಎಟ್ ಎಂಬುದು ಚಿಕ್ಕದು ಮಾಡಿ ಹೇಳಲು ಸೇರಿಸಿದ ಬಾಲ. ಎಮ್ಮೆಲಿನ್ ಪ್ಯಾಂಕ್‌ಹರ್ಸ್ಟ್ ಮತ್ತು ಸಂಗಡಿಗರು ಅದನ್ನೇ ಹೆಮ್ಮೆಯಿಂದ ಇಟ್ಟುಕೊಂಡರು. 1912ರಲ್ಲಿ ತಮ್ಮ ಪತ್ರಿಕೆಗೂ ಅದೇ ಹೆಸರಿಟ್ಟರು. ಈ ಗುಂಪಿನ ಪದಗಳಲ್ಲಿ ವರ್ಷವನ್ನೂ ನೋಡಿಕೊಳ್ಳಬೇಕು ಎನ್ನುವುದು ಇದಕ್ಕೇ. ಇಂದಿನ ಹೊಗಳಿಕೆ ಅಂದಿನ ಬೈಗುಳ ಆಗಿರಬಹುದು.

ಡಿಫಯಂಟ್ ವಿಷಯಕ್ಕೆ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಅತಿ ಹೆಚ್ಚು ಸಲ ಕೈಗೆ ಬರುವ ಪದ ಇದೇ. ರೆಬೆಲಿಯಸ್ ಜೊತೆ ಇದನ್ನು ಕಲಸಿಬಿಡುವುದು ಸುಲಭ. ಪದವೊಂದು ಯಾರ ಜೊತೆ ಓಡಾಡುತ್ತದೆ ಎಂದು ನೋಡಲು ನಾನು ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಬಳಸುತ್ತೇನೆ. ಅದರಲ್ಲಿ ಸುಮಾರು 10 ಕೋಟಿ ಪದಗಳಷ್ಟು ನಿಜವಾದ ಬರಹ ಮತ್ತು ಮಾತು ಇದೆ. ರೆಬೆಲಿಯಸ್ ಹದಿಹರೆಯದ ಜೊತೆ, ಸ್ವಭಾವದ ಜೊತೆ, ವಯಸ್ಸಿನ ಜೊತೆ ಬರುವ ಪದ. ಡಿಫಯಂಟ್ ಸನ್ನೆಯ ಜೊತೆ, ನೋಟದ ಜೊತೆ, ನಿಂತ ಭಂಗಿಯ ಜೊತೆ ಬರುತ್ತದೆ. ಅಂದರೆ ಮೊದಲನೆಯದು ಇರುವ ರೀತಿ, ಎರಡನೆಯದು ಒಂದು ಕ್ಷಣ. ಜೀವನವಿಡೀ ತಗ್ಗಿ ಬಗ್ಗಿ ನಡೆದವರೂ ಒಂದು ದಿನ ಡಿಫಯಂಟ್ ಆಗಬಹುದು. ಅವರನ್ನು ರೆಬೆಲಿಯಸ್ ಎಂದರೆ ಸುಳ್ಳಾಗುತ್ತದೆ. ಇನ್ನೊಂದು ವ್ಯತ್ಯಾಸ: ಡಿಫಯಂಟ್ ಆಗಲು ಎದುರಿಗೆ ಒಬ್ಬರು ಬೇಕು. ಬಾಗಿಲು ಹಾಕಿಕೊಂಡು ಒಬ್ಬರೇ ಡಿಫಯಂಟ್ ಆಗಲು ಬರುವುದಿಲ್ಲ. ಡಿಫಯಂಟ್ ಸೈಲೆನ್ಸ್ ಎಂಬ ಬಳಕೆ ಇದೆಯಲ್ಲ, ಅಲ್ಲಿಯೂ ಆ ಮೌನ ಪ್ರಶ್ನೆ ಕೇಳಿದವರ ಮುಖದ ಎದುರಿನ ಮೌನ. ಹಾಗಾಗಿ ಕನ್ನಡದಲ್ಲಿ ನನಗೆ ಇದು ವಿಶೇಷಣಕ್ಕಿಂತ ಕ್ರಿಯಾಪದದಲ್ಲಿ ಚೆನ್ನಾಗಿ ಸಿಗುತ್ತದೆ. ಸೆಟೆದು ನಿಂತಳು. ಸೆಡ್ಡು ಹೊಡೆದ. ಕಣ್ಣಿಗೆ ಕಣ್ಣು ಕೊಟ್ಟು ನೋಡಿದಳು.

ಈ ಪದ ಮನೋವೈದ್ಯಕ್ಕೂ ಹೋಗಿದೆ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ 1980ರಲ್ಲಿ ಅಪೊಸಿಶನಲ್ ಡಿಸಾರ್ಡರ್ (ಸದಾ ಎದುರು ನಿಲ್ಲುವ ತೊಂದರೆ) ಎಂಬುದು ಸೇರಿತು. 1987ರ ಪರಿಷ್ಕರಣೆಯಲ್ಲಿ ನಡುವೆ ಡಿಫಯಂಟ್ ಕೂಡಿಕೊಂಡಿತು. ಅದಕ್ಕೆ ಗಟ್ಟಿಯಾದ ಷರತ್ತುಗಳಿವೆ. ಈಗಿನ ಆವೃತ್ತಿಯ ಪ್ರಕಾರ ಪಟ್ಟಿಯಲ್ಲಿರುವ ಲಕ್ಷಣಗಳಲ್ಲಿ ಕನಿಷ್ಠ ನಾಲ್ಕು, ಕನಿಷ್ಠ ಆರು ತಿಂಗಳು ಇರಬೇಕು. ಅದೂ ಒಡಹುಟ್ಟಿದವರ ಜೊತೆ ಮಾತ್ರ ಜಗಳವಾಡಿದರೆ ಸಾಲದು. ಆದ್ದರಿಂದ ಸಾಮಾನ್ಯ ಲೇಖನದಲ್ಲಿ ಡಿಫಯಂಟ್ ಮಗು ಎಂದಿದ್ದರೆ ಅದನ್ನು ಕಾಯಿಲೆಯ ಭಾಷೆಗೆ ಎಳೆಯಬಾರದು. ವೈದ್ಯಕೀಯ ಲೇಖನದಲ್ಲಿ ಇದ್ದರೆ 'ತುಂಟ' ಎಂದು ಹಗುರ ಮಾಡಲೂ ಬಾರದು.

ಪ್ಯಾಸಿವ್ ಅಗ್ರೆಸಿವ್ ಎಂಬುದರ ಹುಟ್ಟು ಗೊತ್ತಾದಾಗ ನನಗೆ ಖುಷಿಯಾಯಿತು. ಇಂದು ಮುನಿಸಿಕೊಂಡು ಮಾತು ಬಿಡುವ ಗಂಡ ಹೆಂಡತಿಯರಿಗೆಲ್ಲ ಅದನ್ನು ಅಂಟಿಸುತ್ತಾರೆ. ಅದು ಬಂದದ್ದು ಎರಡನೇ ಮಹಾಯುದ್ಧದ ಕಾಲದ ಅಮೆರಿಕದ ಸೈನ್ಯದಿಂದ. ಕರ್ನಲ್ ವಿಲಿಯಂ ಮೆನಿಂಗರ್ ಎಂಬ ಮನೋವೈದ್ಯರು ಆದೇಶವನ್ನು ಬಾಯಿಬಿಟ್ಟು ಧಿಕ್ಕರಿಸದ, ಆದರೆ ಮುಖ ಊದಿಸಿಕೊಂಡು, ತಡ ಮಾಡಿ, ಬೇಕೆಂದೇ ಕೆಟ್ಟದಾಗಿ ಮಾಡಿ ತಪ್ಪಿಸಿಕೊಳ್ಳುವ ಸೈನಿಕರನ್ನು ವಿವರಿಸಲು ಈ ಮಾತು ಬಳಸಿದರು. ಅಂದರೆ ಇದೂ ಅಧಿಕಾರಕ್ಕೆ ಬಗ್ಗದವರ ಪದವೇ. ಬಾಯಿ ತೆರೆಯಲು ಆಗದ ಕಡೆ ಮಾಡುವ ಪ್ರತಿರೋಧ.

ಪ್ಯಾಸಿವ್ ರೆಸಿಸ್ಟೆನ್ಸ್, ಅಂದರೆ ನಿಷ್ಕ್ರಿಯ ಪ್ರತಿರೋಧ, ಎಂಬ ಹೆಸರಿನ ತಂಟೆ ಗಾಂಧೀಜಿಯವರಿಗೂ ಎದುರಾಯಿತು. ದಕ್ಷಿಣ ಆಫ್ರಿಕಾದಲ್ಲಿ 1906ರಲ್ಲಿ ಹೋರಾಟ ಶುರುವಾದಾಗ ಅದನ್ನು ಹಾಗೆಯೇ ಕರೆದರು. ಆ ಹೆಸರಿನಲ್ಲಿ ಕೈಲಾಗದವರ ಅಸ್ತ್ರ ಎಂಬ ಧ್ವನಿ ಇದೆ ಎಂದು ಅವರಿಗೆ ಅನ್ನಿಸಿತು. ಇಂಡಿಯನ್ ಒಪೀನಿಯನ್ ಪತ್ರಿಕೆಯ ಮೂಲಕ ಓದುಗರಿಂದಲೇ ಹೊಸ ಹೆಸರು ಕೇಳಿದರು. ಮಗನ್‌ಲಾಲ್ ಗಾಂಧಿ ಸದಾಗ್ರಹ ಎಂದು ಸೂಚಿಸಿದರು. ಗಾಂಧೀಜಿ ಅದನ್ನು ತಿದ್ದಿ ಸತ್ಯಾಗ್ರಹ ಮಾಡಿಕೊಂಡರು. ಎದುರಾಳಿಯ ಭಾಷೆಯಲ್ಲಿ ಸರಿಯಾದ ಪದ ಸಿಗದಿದ್ದಾಗ ತಮ್ಮದನ್ನೇ ಕಟ್ಟಿಕೊಂಡರು. ಇಂಗ್ಲಿಷ್ ಡಿಕ್ಷನರಿಗಳು ಇಂದು ಅದನ್ನು ಹಾಗೆಯೇ ಇಟ್ಟುಕೊಂಡಿವೆ.

ಪದಗಳ ಬೇರು ನೋಡುತ್ತಾ ಹೋದಾಗ ಒಂದು ಸಂಗತಿ ಎದ್ದು ಕಂಡಿತು. ಈ ಗುಂಪಿನಲ್ಲಿ ದನ ಕುದುರೆಗಳು ತುಂಬ ಇವೆ. ರಿಕ್ಯಾಲ್ಸಿಟ್ರಂಟ್ ಎಂದರೆ ಲ್ಯಾಟಿನ್ನಿನಲ್ಲಿ ಹಿಮ್ಮಡಿಯಿಂದ ಹಿಂದಕ್ಕೆ ಒದೆಯುವುದು. ರೆಸ್ಟಿವ್ ಮೊದಲು ನಿಂತ ಜಾಗದಿಂದ ಕದಲದ ಕುದುರೆಗೆ ಹೇಳುತ್ತಿದ್ದ ಪದ. ಈಗ ಅರ್ಥ ಉಲ್ಟಾ ಆಗಿ, ಒಂದೆಡೆ ನಿಲ್ಲಲಾರದೆ ಚಡಪಡಿಸುವುದು ಎಂದಾಗಿದೆ. ಅನ್‌ಬ್ರೈಡಲ್ಡ್ ಎಂದರೆ ಲಗಾಮು ಇಲ್ಲದ್ದು. ಮ್ಯಾವರಿಕ್ ಎಂದರೆ ಮುದ್ರೆ ಒತ್ತದ ಕರು. ಟೆಕ್ಸಸ್‌ನಲ್ಲಿ ಸ್ಯಾಮ್ಯುಯೆಲ್ ಮ್ಯಾವರಿಕ್ ಎಂಬ ವಕೀಲ, ರಾಜಕಾರಣಿ ಇದ್ದ. 1803ರಲ್ಲಿ ಹುಟ್ಟಿ 1870ರಲ್ಲಿ ತೀರಿಕೊಂಡ. ಅವನ ದನಗಳಿಗೆ ಒಡೆತನದ ಮುದ್ರೆ ಹಾಕಿಸಿರಲಿಲ್ಲ. ಹಾಗೆ ಗುರುತಿಲ್ಲದೆ ಅಲೆಯುವ ದನಗಳಿಗೆ ಅವನ ಹೆಸರು ಅಂಟಿತು. ಆಮೇಲೆ ಯಾವ ಪಕ್ಷದ ಮುದ್ರೆಯೂ ಇಲ್ಲದ ರಾಜಕಾರಣಿಗೆ, ಈಗ ತನ್ನದೇ ದಾರಿ ಹಿಡಿದ ಯಾರಿಗಾದರೂ. ಈ ಎಲ್ಲ ಪದಗಳನ್ನು ಹುಟ್ಟಿಸಿದ್ದು ಹಗ್ಗ ಹಿಡಿದವರ ನೋಟ. ಹಗ್ಗ ಕಟ್ಟಿಸಿಕೊಂಡವರ ನೋಟ ಅಲ್ಲ.

ಕನ್ನಡದಲ್ಲೂ ಲಂಗು ಲಗಾಮಿಲ್ಲದ, ಅಂಕೆಗೆ ಸಿಗದ ಎನ್ನುತ್ತೇವೆ. ಆದರೆ ಒಂದು ಪದ ಬೇರೆ ಕಡೆ ತಿರುಗಿದೆ. ಅಂಕುಶ ಆನೆಯನ್ನು ಅಂಕೆಯಲ್ಲಿಡುವ ಸಾಧನ. ಅಂಕುಶ ಇಲ್ಲದ್ದು ನಿರಂಕುಶ. ಇದನ್ನು ನಾವು ಮಾತು ಕೇಳದ ಪ್ರಜೆಗೆ ಹೇಳುವುದಿಲ್ಲ. ಯಾರ ಮಾತೂ ಕೇಳದ ದೊರೆಗೆ ಹೇಳುತ್ತೇವೆ. ಅಂಕೆ ಬೇಕಾಗಿರುವುದು ಆಳುವವರಿಗೆ ಎಂದು ಈ ಪದ ತಿಳಿದಿದೆ. ನನಗೆ ಇದು ಬಹಳ ಇಷ್ಟ.

ವ್ಯಕ್ತಿಗಳ ಹೆಸರಿನಿಂದ ಬಂದ ಪದಗಳಲ್ಲಿ ನಾನು ಹೋರಾಡಿ ಉಳಿಸಿಕೊಳ್ಳಲು ನೋಡುವುದು ಲಡೈಟ್. ಈಗ ಅದನ್ನು ಸ್ಮಾರ್ಟ್‌ಫೋನ್ ಬಳಸಲು ಬಾರದವರಿಗೆ, ಯಂತ್ರ ಕಂಡರೆ ಹೆದರುವವರಿಗೆ ಎಸೆಯುತ್ತಾರೆ. ಅಸಲಿ ಲಡೈಟರು ನೇಯ್ಗೆ, ಹೆಣಿಗೆಯಲ್ಲಿ ಪಳಗಿದ ಕುಶಲಕರ್ಮಿಗಳು. ಯಂತ್ರ ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. 1811ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ ಸುತ್ತ ಅವರು ಹೆಣಿಗೆ ಚೌಕಟ್ಟುಗಳನ್ನು, ಅಂದರೆ ಹೆಣೆಯುವ ಯಂತ್ರಗಳನ್ನು, ಒಡೆಯಲು ಶುರು ಮಾಡಿದರು. ಕೂಲಿ ಇಳಿಸಿ ಕಳಪೆ ಮಾಲು ತೆಗೆಯುವ ಮಾಲೀಕರ ವಿರುದ್ಧ ಅದು ಅವರ ಜಗಳ. ನೆಡ್ ಲಡ್ ಎಂಬ ಕಲ್ಪನೆಯ ನಾಯಕನ ಹೆಸರಿನಲ್ಲಿ ಬೆದರಿಕೆ ಪತ್ರ ಬರೆಯುತ್ತಿದ್ದರು. 1812ರಲ್ಲಿ ಸಂಸತ್ತು ಚೌಕಟ್ಟು ಒಡೆಯುವುದಕ್ಕೆ ಮರಣದಂಡನೆ ಇಟ್ಟಿತು. ಆ ಮಸೂದೆಯ ವಿರುದ್ಧ ಮೇಲ್ಮನೆಯಲ್ಲಿ ಮಾತಾಡಿದವರಲ್ಲಿ ಕವಿ ಬೈರನ್ ಕೂಡ ಒಬ್ಬ. 1813ರ ಜನವರಿಯಲ್ಲಿ ಯಾರ್ಕ್‌ನಲ್ಲಿ 17 ಜನರನ್ನು ಗಲ್ಲಿಗೇರಿಸಿದರು. ಇಷ್ಟೆಲ್ಲ ಆದ ಮೇಲೆ ಅವರ ಹೆಸರು ತಂತ್ರಜ್ಞಾನ ತಿಳಿಯದ ಪೆದ್ದರು ಎಂಬ ಅರ್ಥಕ್ಕೆ ಇಳಿದದ್ದು ನನಗೆ ನೋವಿನ ಸಂಗತಿ. ಮೂಲದಲ್ಲಿ ಹಗುರವಾಗಿ ಬಂದಿದ್ದರೆ 'ಯಂತ್ರದ ಗೊಡವೆ ಬೇಡ ಎನ್ನುವವರು' ಎಂದು ಬರೆಯುತ್ತೇನೆ. ಲಡೈಟ್ ಎಂದು ಬರೆಯುವುದು ಇತಿಹಾಸದ ಲಡೈಟರ ಬಗ್ಗೆ ಬಂದಾಗ ಮಾತ್ರ.

ಬಾಯ್ಕಾಟ್ ಇದಕ್ಕೆ ತಿರುಗುಮುರುಗು. ಚಾರ್ಲ್ಸ್ ಬಾಯ್ಕಾಟ್ ಎದುರು ನಿಂತವನಲ್ಲ, ಎದುರಿಸಿಕೊಂಡವನು. ಐರ್ಲೆಂಡಿನ ಮೇಯೊ ಪ್ರಾಂತದಲ್ಲಿ ಜಮೀನ್ದಾರನೊಬ್ಬನ ಏಜೆಂಟ್ ಆಗಿದ್ದ. 1880ರಲ್ಲಿ ಊರಿನವರು ಅವನಿಗೆ ಕೆಲಸ ಮಾಡುವುದನ್ನೂ ಮಾಲು ಮಾರುವುದನ್ನೂ ನಿಲ್ಲಿಸಿದರು. ಅಲ್ಲಿ ಆಳುವವರ ಕಡೆಯ ಮನುಷ್ಯನ ಹೆಸರು ಜನರ ಆಯುಧಕ್ಕೆ ಬಂತು. ಸ್ಕಾಫ್‌ಲಾ (ಕಾನೂನನ್ನು ಅಣಕಿಸುವವರು) ಎಂಬುದಂತೂ ಬಹುಮಾನ ಕೊಟ್ಟು ಕಟ್ಟಿಸಿದ ಪದ. ಅಮೆರಿಕದಲ್ಲಿ ಮದ್ಯ ನಿಷೇಧ ಇದ್ದಾಗ ಕದ್ದು ಕುಡಿಯುವವರನ್ನು ನಾಚಿಸುವಂಥ ಹೆಸರು ಬೇಕೆಂದು ಮ್ಯಾಸಚೂಸೆಟ್ಸ್‌ನಲ್ಲಿ 200 ಡಾಲರಿನ ಸ್ಪರ್ಧೆ ನಡೆಯಿತು. 1924ರ ಜನವರಿಯಲ್ಲಿ ಈ ಪದ ಗೆದ್ದಿತು. ಇಂದು ಅದು ಹೆಚ್ಚಾಗಿ ಪಾರ್ಕಿಂಗ್ ದಂಡ ಕಟ್ಟದವರಿಗೆ ಬಳಕೆಯಾಗುತ್ತದೆ.

ಕನ್ನಡಕ್ಕೆ ತರುವ ಹೊತ್ತಿಗೆ ನಾಮಪದಕ್ಕಿಂತ ನುಡಿಗಟ್ಟು ನನ್ನ ಕೈ ಹಿಡಿಯುತ್ತದೆ. ರಿಕ್ಯಾಲ್ಸಿಟ್ರಂಟ್‌ಗೆ 'ಜಪ್ಪಯ್ಯ ಅಂದರೂ ಜಗ್ಗದ' ಎಂದರೆ ಅಲ್ಲಿನ ಹಿಮ್ಮಡಿಯ ಒದೆತ ಇಲ್ಲದಿದ್ದರೂ ಆ ಭಾರ ಬರುತ್ತದೆ. ಮ್ಯಾವರಿಕ್‌ಗೆ 'ಯಾರಿಗೂ ಸೊಪ್ಪು ಹಾಕದ' ಎಂದು ಎಷ್ಟೋ ಕಡೆ ಬರೆದಿದ್ದೇನೆ. ಬೋಲ್ಷಿ ಎಂಬ ಬ್ರಿಟಿಷ್ ಆಡುಮಾತಿಗೆ 'ಎದುರು ಮಾತಿಗೆ ಸದಾ ಸಿದ್ಧ'. ಇನ್‌ಟ್ರ್ಯಾಕ್ಟಬಲ್ ಮನುಷ್ಯರಿಗಿಂತ ಸಮಸ್ಯೆಗಳ ಜೊತೆ ಬರುವುದು ಜಾಸ್ತಿ. ಆಗ 'ಬಗೆಹರಿಯದ' ಸಾಕು. ರಿಫ್ರ್ಯಾಕ್ಟರಿ ಕಂಡರೆ ಸುತ್ತ ನೋಡಬೇಕು. ಕುಲುಮೆಯ ಇಟ್ಟಿಗೆಯಾದರೆ ಬೆಂಕಿ ತಾಳುವುದು, ಕಾಯಿಲೆಯಾದರೆ ಔಷಧಕ್ಕೆ ಬಗ್ಗದ್ದು, ಮನುಷ್ಯನಾದರೆ ಮಾತಿಗೆ ಬಗ್ಗದವನು. ಪೂರ್ತಿ ಪುಸ್ತಕದ ಭಾಷೆ ಅದು. ಮಾತಿನಲ್ಲಿ ಬಳಸಿದರೆ ಕೇಳುವವರು ತಿರುಗಿ ನೋಡುತ್ತಾರೆ.

ಅತಿ ಹೆಚ್ಚು ಕಾಡಿದ್ದು ಡಿಸಿಡೆಂಟ್. ಲ್ಯಾಟಿನ್ನಿನಲ್ಲಿ ಅದರ ಅರ್ಥ ಬೇರೆಯಾಗಿ ಕೂರುವವರು. ಸೋವಿಯತ್ ಒಕ್ಕೂಟದಲ್ಲಿ ಆಳುವ ಪಕ್ಷವನ್ನು ಟೀಕಿಸಿ ಜೈಲಿಗೆ, ಗಡೀಪಾರಿಗೆ ಹೋದವರನ್ನು ಲೋಕ ಈ ಹೆಸರಿನಿಂದ ತಿಳಿಯಿತು. ಭೌತವಿಜ್ಞಾನಿ ಆಂದ್ರೇ ಸಖರೋವ್ ಅಂಥವರು. 1975ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು, 1980ರಲ್ಲಿ ಅವರನ್ನು ಗೋರ್ಕಿ ನಗರಕ್ಕೆ ಗಡೀಪಾರು ಮಾಡಿದರು. ಕನ್ನಡದಲ್ಲಿ ಇದಕ್ಕೆ ಸಿದ್ಧ ಪದ ಭಿನ್ನಮತೀಯ. ಪದಕ್ಕೆ ಪದ ನೋಡಿದರೆ ಸರಿಯೇ. ಆದರೆ ನಮ್ಮ ಪತ್ರಿಕೆಗಳಲ್ಲಿ ಭಿನ್ನಮತೀಯರು ಎಂದರೆ ಮಂತ್ರಿಗಿರಿ ಸಿಗದೆ ಮುನಿಸಿಕೊಂಡು ರೆಸಾರ್ಟಿಗೆ ಹೋದ ಶಾಸಕರು. ಬಂಡಾಯ ಅಭ್ಯರ್ಥಿ ಎಂದರೆ ಟಿಕೆಟ್ ತಪ್ಪಿದವರು. ಸಖರೋವ್ ಬಗ್ಗೆ ಓದುವವರ ಕಣ್ಣ ಮುಂದೆ ಅವರು ಬಂದು ನಿಂತರೆ ಏನು ಮಾಡುವುದು? ಸದ್ಯಕ್ಕೆ ನಾನು ಮೊದಲ ಸಲ 'ಪ್ರಭುತ್ವವನ್ನು ಒಪ್ಪದೆ ಶಿಕ್ಷೆ ಅನುಭವಿಸಿದವರು' ಎಂದು ಬಿಡಿಸಿ ಬರೆಯುತ್ತೇನೆ. ಆಮೇಲಿನ ಸಾಲುಗಳಲ್ಲಿ ಡಿಸಿಡೆಂಟ್ ಎಂದೇ ಇಡುತ್ತೇನೆ. ಚೀನಾ, ಇರಾನ್ ಕುರಿತ ಬರಹಗಳಲ್ಲೂ ಹೀಗೇ ಮಾಡುತ್ತಿದ್ದೇನೆ. ಸಾಲು ಉದ್ದವಾಯಿತು ಎಂದು ಸಂಪಾದಕರು ಕತ್ತರಿಸಲು ನೋಡಿದರೆ ಬೇರೆ ಎಲ್ಲಿಂದಾದರೂ ಎರಡು ಪದ ತೆಗೆಯಿರಿ, ಇದು ಇರಲಿ ಎಂದು ಕೇಳಿಕೊಳ್ಳುತ್ತೇನೆ.